ಬೋನು ಬೇರೆ, ಗೂಡು ಬೇರೆ

ಕೋಲಾರದಲ್ಲಿ ಕ್ರೇಟ್ ಎಂದರೆ ಯಾರಿಗಾದರೂ ಮೊದಲು ನೆನಪಾಗುವುದು ಎಪಿಎಂಸಿ ಮಾರುಕಟ್ಟೆಯಲ್ಲಿ ಪೇರಿಸಿಟ್ಟ 15 ಕೆ.ಜಿ. ಟೊಮೆಟೊ ಪೆಟ್ಟಿಗೆ. ನಾಯಿ ಒಳಗೆ ನೆಮ್ಮದಿಯಾಗಿ ಮಲಗಲು ಕಲಿಯಲೆಂದು ಕಬ್ಬಿಣದ ಸರಳುಗಳ ಕ್ರೇಟೊಂದನ್ನು ತಂದು ನಡುಮನೆಯಲ್ಲಿಟ್ಟಾಗ ಅಮ್ಮ, "ಚಿರತೆ ಹಿಡಿಯೋಕೆ ಬೋನು ಇಟ್ಟಂಗೆ ಇಟ್ಟಿದ್ದೀಯಲ್ಲೋ" ಎಂದು ನೊಂದುಕೊಂಡರು. ಅವರ ಮಾತು ಸರಿಯಾಗಿಯೇ ಇತ್ತು. ಮೊದಲ ದಿನ ನಾನು ಅದನ್ನು ಬೋನಿನಂತೆಯೇ ಬಳಸಿದೆ.

ನಮ್ಮ ಕೆಂಚ ಬೀದಿಯಿಂದ ಬಂದ ನಾಯಿ. ಮನೆಗೆ ಬಂದವರ ಪಂಚೆ ಹಿಡಿದೆಳೆಯುತ್ತಿದ್ದ, ಚಪ್ಪಲಿ ಹರಿಯುತ್ತಿದ್ದ, ಪಟಾಕಿ ಸದ್ದಾದರೆ ಮಂಚದ ಕೆಳಗೆ ನುಗ್ಗಿ ನಡುಗುತ್ತ ಅಲ್ಲಿಯೇ ಉಚ್ಚೆ ಹೊಯ್ಯುತ್ತಿದ್ದ. "ಒಳಗೆ ತಳ್ಳಿ ಬಾಗಿಲು ಹಾಕಿ, ಎರಡು ದಿನ ಕೂಗಿ ಸುಮ್ಮನಾಗುತ್ತೆ" ಎಂದು ಕ್ರೇಟ್ ಮಾರಿದವರು ಹೇಳಿದ್ದನ್ನು ನಂಬಿ ಹಾಗೆಯೇ ಮಾಡಿದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವನ ಮುಂಗಾಲಿನ ಉಗುರೊಂದು ಸರಳಿನ ಸಂದಿಗೆ ಸಿಕ್ಕಿ ಬುಡದವರೆಗೆ ಸೀಳಿತ್ತು, ತಳದ ತಟ್ಟೆಯ ಮೇಲೆ ರಕ್ತ ಹನಿದಿತ್ತು. ಕೂಗಿ ದಣಿದು ಸುಮ್ಮನಾದ ನಾಯಿ ಏನನ್ನೂ ಕಲಿತಿರುವುದಿಲ್ಲ, ಯಾರೂ ಬರುವುದಿಲ್ಲವೆಂದು ಕೈಬಿಟ್ಟಿರುತ್ತದೆ ಅಷ್ಟೇ.

ಉಗುರು ಮಾಯ್ದ ಮೇಲೆ ಮೊದಲಿನಿಂದ ಆರಂಭಿಸಿದೆವು. ತಾನಾಗಿಯೇ ಮುಚ್ಚಿಕೊಂಡು ಸದ್ದಾಗದಂತೆ ಬಾಗಿಲನ್ನು ದಾರದಿಂದ ಹಿಂದಕ್ಕೆ ಕಟ್ಟಿ, ಒಳಗೆ ಅಮ್ಮನ ಹಳೆಯ ನೂಲಿನ ಸೀರೆಯನ್ನು ಮಡಿಸಿ ಹಾಸಿ, ಬೇಯಿಸಿದ ಕೋಳಿಯ ಚೂರುಗಳನ್ನು ಕ್ರೇಟಿನ ಹೊರಗಡೆಯೇ ಇಟ್ಟು ದೂರ ಕುಳಿತೆ. ಮೂರು ದಿನ ಅವನು ಹಿಂಗಾಲುಗಳನ್ನು ನೆಲಕ್ಕೆ ಊರಿ ನಿಂತು, ಕತ್ತನ್ನಷ್ಟೇ ಚಾಚಿ ಚೂರನ್ನು ಎತ್ತಿಕೊಂಡು ಓಡುತ್ತಿದ್ದ. ಆಮೇಲೆ ಮುದ್ದೆಯ ತಟ್ಟೆಯನ್ನು ದಿನಕ್ಕೊಂದು ಗೇಣು ಒಳಕ್ಕೆ ಸರಿಸುತ್ತ ಹೋದೆವು. ಯಾರೂ ಕರೆಯದೆ ಅವನೇ ಹೋಗಿ ಸೀರೆಯ ಮೇಲೆ ಸುತ್ತಿಕೊಂಡು ಮಲಗಿದ್ದು ಹನ್ನೆರಡನೆಯ ದಿನ. ಬಾಗಿಲು ಮುಚ್ಚಿದ್ದು ಅದಕ್ಕೂ ನಂತರ, ಅದೂ ಅವನು ಉಣ್ಣುತ್ತಿದ್ದಾಗ, ಹತ್ತು ಎಣಿಸುವಷ್ಟು ಹೊತ್ತು ಮಾತ್ರ. ಒಳಗೆ ಹೋದರೆ ಒಳ್ಳೆಯದೇ ಸಿಗುತ್ತದೆ ಎಂಬ ನಂಬಿಕೆ ಬೇರೂರುವವರೆಗೆ ಬಾಗಿಲಿಗೆ ಕೈ ಹಚ್ಚಬಾರದು, ತಪ್ಪು ಮಾಡಿದ ನಾಯಿಯನ್ನು ಬೈದು ಅಲ್ಲಿಗೆ ಅಟ್ಟಲಂತೂ ಬಾರದು. ಹಾಗೆ ಒಂದು ಸಲ ಅಟ್ಟಿದರೂ ವಾರಗಟ್ಟಲೆ ಕಟ್ಟಿದ ನಂಬಿಕೆ ಕುಸಿಯುತ್ತದೆ.

ಕ್ರೇಟ್ ಕ್ರೂರವೆನ್ನುವ ನೆರೆಹೊರೆಯವರಲ್ಲಿ ಕೆಲವರು ತಮ್ಮ ನಾಯಿಯನ್ನು ಗೇಟಿನ ಬಳಿ ಎರಡು ಮೊಳದ ಸರಪಳಿಯಲ್ಲಿ ದಿನವಿಡೀ ಬಿಗಿಯುತ್ತಾರೆ ಎಂಬುದು ನನಗೆ ನಿಜವಾದ ಸಂಕಟದ ವಿಷಯ. ಅಲುಗಾಡಲು ಸಾಲದ ಪಂಜರದಲ್ಲಿ ಕೂಡಿಹಾಕುವುದನ್ನೂ, ತೀರ ಗಿಡ್ಡ ಸರಪಳಿಯಲ್ಲಿ ಬಹುಹೊತ್ತು ಕಟ್ಟಿಹಾಕುವುದನ್ನೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಪರಾಧವೆಂದೇ ಹೇಳುತ್ತದೆ. ನಾಯಿ ತಲೆ ತಗ್ಗಿಸದೆ ನಿಂತು, ಸುಲಭವಾಗಿ ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಕ್ರೇಟಿನ ಒಳಗಿರಲೇಬೇಕು. ನಾಯಿ ಹೆಚ್ಚಾಗಿ ತೇಕಿಯೇ ಮೈಯ ಕಾವನ್ನು ಇಳಿಸಿಕೊಳ್ಳುವುದರಿಂದ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕ್ರೇಟನ್ನು ತಾರಸಿಯ ಮೇಲೋ ಶೀಟಿನ ಕೆಳಗೋ ಇಡುವುದು ಜೀವಕ್ಕೇ ಅಪಾಯ.

ಎಲ್ಲ ನಾಯಿಗೂ ಇದು ಒಗ್ಗುವುದಿಲ್ಲ. ಒಂಟಿಯಾದೊಡನೆ ಗಾಬರಿಗೊಂಡು ಹಲ್ಲು ಮುರಿಯುವಷ್ಟು ಸರಳು ಕಚ್ಚುವ ನಾಯಿಯನ್ನು ಕೂಡಿಹಾಕದೆ, ಮೊದಲು ಪಶುವೈದ್ಯರಿಗೆ ತೋರಿಸಬೇಕು. ಕೆಂಚನೂ ಗೇಟು ಸದ್ದಾದರೆ ಈಗಲೂ ಬೊಗಳುತ್ತಾನೆ, ಆದರೆ ಬಂದವರ ಪಂಚೆಗೆ ಬಾಯಿ ಹಾಕದೆ ಒಮ್ಮೆ ನಮ್ಮ ಕಡೆ ನೋಡಿ, ಕ್ರೇಟಿನೊಳಕ್ಕೆ ಹೋಗಿ ಕೋಳಿಯ ಚೂರಿಗಾಗಿ ಕಾಯುತ್ತಾನೆ. ಬಾಗಿಲನ್ನು ಹಿಂದಕ್ಕೆ ಕಟ್ಟುವ ಆ ದಾರವನ್ನು ನಾವಿನ್ನೂ ತೆಗೆದುಹಾಕಿಲ್ಲ.