ಗದ್ದಲ ಬೇಡ ಅನ್ನುವವರ ಗದ್ದಲ

ಶಿವಮೊಗ್ಗದ ಬರಹಗಾರರು ಈಗೀಗ ಸಿಕ್ಕಾಗ ‘ಏನು ಬರೀತಿದೀರಿ’ ಅಂತ ಕೇಳುವುದಿಲ್ಲ. ‘ಎಲ್ಲಿ ಬರೀತಿದೀರಿ’ ಅಂತ ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡೋದು ಕಷ್ಟ, ಏನಾದರೂ ಬರೆದಿರಬೇಕಾಗುತ್ತದೆ. ಎರಡನೆಯದಕ್ಕೆ ಆ ತೊಂದರೆಯಿಲ್ಲ. ‘ವರ್ಡ್‌ಪ್ರೆಸ್ಸಲ್ಲಿದ್ದೆ, ಭಾರ ಅನಿಸ್ತು. ಈಗ ಘೋಸ್ಟ್ ನೋಡ್ತಿದೀನಿ. ಸಬ್‌ಸ್ಟ್ಯಾಕ್‌ನಲ್ಲೂ ಒಂದು ಖಾತೆ ತೆರೆದಿಟ್ಟಿದೀನಿ’ ಅಂದರೆ ಸಾಕು. ಇವೆಲ್ಲ ಇಂಟರ್ನೆಟ್ಟಿನಲ್ಲಿ ಬರೆದು ಹಾಕುವ ತಾಣಗಳು. ಗೋಪಿ ಸರ್ಕಲ್ಲಿನಲ್ಲಿ ನಿಂತಲ್ಲೇ ಎರಡು ಕಾಫಿಯಷ್ಟು ಸಾಹಿತ್ಯ ಚರ್ಚೆ ಮುಗಿದುಹೋಗುತ್ತದೆ.

ಎಲ್ಲರಿಗೂ ಬೇಕಾಗಿರುವುದು ಒಂದೇ. ಸರಳವಾದ ಬ್ಲಾಗು. ಗಮನ ಕೆಡಿಸುವ ಯಾವುದೂ ಅಲ್ಲಿ ಇರಬಾರದು. ಬಟನ್ ಬೇಡ, ಜಾಹೀರಾತು ಬೇಡ, ಪಕ್ಕದಲ್ಲಿ ಮಿನುಗುವ ಡಬ್ಬಿ ಬೇಡ. ಬಿಳಿ ಹಾಳೆ ಮತ್ತು ಕರ್ಸರ್, ಅಷ್ಟೇ. ಅದು ಸಿಕ್ಕಿದ ದಿನವೇ ಕಾದಂಬರಿ ಶುರು. ಸಿಗುವವರೆಗೆ ಬರೆಯುವಂತಿಲ್ಲ.

ಇಲ್ಲದಿರುವುದನ್ನು ಮಾರುವ ಈ ವ್ಯಾಪಾರ ಮಲೆನಾಡಿಗೆ ಹೊಸದೇನಲ್ಲ ಬಿಡಿ. ‘ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ’ ಅಂತ ನಮ್ಮ ಹಳ್ಳಿಗಳವರು ಬ್ಯಾನರ್ ಕಟ್ಟಿದ್ದು ಎಲ್ಲರಿಗೂ ನೆನಪಿದೆ. ಕೊರೊನಾ ಕಾಲದಲ್ಲಿ ಮಕ್ಕಳು ಕೊಡೆ ಹಿಡಿದು ಗುಡ್ಡದ ಮೇಲೆ ಕೂತು ಆನ್‌ಲೈನ್ ಪಾಠ ಕೇಳಿದ್ದೂ ನೆನಪಿದೆ. ಅದೇ ಗುಡ್ಡದ ಬುಡದಲ್ಲಿ ಹೋಂಸ್ಟೇ ಇದ್ದರೆ ‘ಇಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ’ ಅನ್ನುವುದೇ ಅದರ ಹೆಗ್ಗಳಿಕೆ. ರೇಟು ಜಾಸ್ತಿ ಇರುವುದೂ ಅದಕ್ಕೇ. ಊರಿನವರಿಗೆ ಕೊರತೆ, ಬೆಂಗಳೂರಿನವರಿಗೆ ಪ್ಯಾಕೇಜು.

ಬರವಣಿಗೆಯ ಪೇಟೆಯಲ್ಲೂ ಇದೇ ಲೆಕ್ಕ. 2006ರಲ್ಲಿ ರೈಟ್‌ರೂಮ್ ಅನ್ನುವ ತಂತ್ರಾಂಶ ಬಂತು. ಪರದೆಯೆಲ್ಲ ಕಪ್ಪು, ಮೇಲೆ ಹಸಿರು ಅಕ್ಷರ. ಹಿಂದಿನ ಕಂಪ್ಯೂಟರುಗಳು ಬೇರೆ ಗತಿಯಿಲ್ಲದೆ ಹಾಗಿದ್ದವು. ಹೊಸ ಕಂಪ್ಯೂಟರನ್ನು ಹಾಗೆ ಮಾಡಿಕೊಳ್ಳಲು ದುಡ್ಡು ಕೊಡಬೇಕು. 2010ರಲ್ಲಿ ಬಂದ ಐಎ ರೈಟರ್ ಇನ್ನೊಂದು ಹೆಜ್ಜೆ ಮುಂದೆ. ಅದರ ಫೋಕಸ್ ಮೋಡ್ ಹಾಕಿದರೆ ನೀವು ಈಗ ಬರೆಯುತ್ತಿರುವ ವಾಕ್ಯ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ನಮ್ಮ ಕೆಲವು ಅಂಕಣಕಾರರಿಗೆ ಈ ಸೌಲಭ್ಯ ಹುಟ್ಟಿನಿಂದಲೇ ಇದೆ. ಹಿಂದಿನ ವಾಕ್ಯದಲ್ಲಿ ಏನು ಹೇಳಿದೆವು ಅನ್ನುವುದು ಅವರಿಗೆ ಕಾಣಿಸುವುದೇ ಇಲ್ಲ. ಇದೂ ಸಾಲದು ಅನ್ನುವವರಿಗೆ ಫ್ರೀರೈಟ್ ಅಂತ ಒಂದು ಯಂತ್ರವಿದೆ. ಒಂದು ಕೀಲಿಮಣೆ, ಅಂಗೈಯಷ್ಟು ಪರದೆ. ಟೈಪ್ ಮಾಡಬಹುದು, ಇನ್ನೇನೂ ಮಾಡಲಾಗದು. ಕೆಲವು ಮಾದರಿಗಳ ಬೆಲೆ 500 ಡಾಲರಿಗೂ ಮೇಲೆ.

ಇಷ್ಟೆಲ್ಲ ಇರುವಾಗ ಒಬ್ಬೊಬ್ಬರೇ ಹುಡುಕುವುದು ಸರಿಯಲ್ಲ, ಒಟ್ಟಾಗಿ ಒಂದನ್ನು ಆರಿಸೋಣ ಅಂತ ನಮ್ಮ ಬರಹಗಾರರು ತೀರ್ಮಾನಿಸಿದರು. ಅದಕ್ಕೆ ಒಂದು ಭಾನುವಾರ ಸಭೆ. ವಿಷಯ: ಗದ್ದಲವಿಲ್ಲದ ಬರವಣಿಗೆ. ವೇದಿಕೆಯ ಹಿಂದೆ ಹತ್ತಡಿಯ ಫ್ಲೆಕ್ಸು, ಅದರಲ್ಲಿ ಹದಿನಾಲ್ಕು ಜನರ ಫೋಟೋ. ಸಭಾಂಗಣದ ಎರಡೂ ಕಡೆ ಆಳೆತ್ತರದ ಸೌಂಡ್ ಬಾಕ್ಸು. ‘ಹಲೋ ಚೆಕ್, ಮೈಕ್ ಚೆಕ್’ ಅನ್ನುವುದು ಬಿ.ಎಚ್. ರಸ್ತೆಯವರೆಗೂ ಕೇಳುತ್ತಿತ್ತು. ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿಯುವ ಹೊತ್ತಿಗೆ ಉಪ್ಪಿಟ್ಟು ಕೇಸರಿಬಾತು ತಣ್ಣಗಾಗಿತ್ತು.

ಮೊದಲು ಎದ್ದವರು ತೀರ್ಥಹಳ್ಳಿ ಕಡೆಯ ಒಬ್ಬ ಕವಿಗಳು. ಅಡಿಕೆ ತೋಟ ಇರುವುದರಿಂದ ಕವಿತೆಗೆ ತೊಂದರೆಯಿಲ್ಲ.

‘ನಂಗೆ ಎಂತದೂ ಬೇಡ ಮಾರಾಯ್ರೇ. ಬಿಳಿ ಹಾಳೆ, ಕಪ್ಪು ಅಕ್ಷರ. ಮುಗೀತು.’

ಚಪ್ಪಾಳೆ ಬಿತ್ತು. ಅವರು ಕೂತರು. ಮತ್ತೆ ಎದ್ದರು.

‘ಮೇಲ್ಗಡೆ ತುಂಗೆ ಫೋಟೋ ಒಂದು ಇರ್ಲಿ.’

‘ಇರ್ಲಿ’ ಅಂದರು ಅಧ್ಯಕ್ಷತೆ ವಹಿಸಿದ್ದ ಮೇಷ್ಟ್ರು.

‘ಎಷ್ಟು ಜನ ಓದಿದ್ರು ಅಂತ ಗೊತ್ತಾಗ್ಬೇಕು.’

‘ಅದು ಬೇಕಾಗ್ತದೆ.’

‘ಯಾರ್ಯಾರು ಓದಿದ್ರು ಅಂತಾನೂ. ಮತ್ತೆ, ಓದಿಯೂ ಏನೂ ಹೇಳದೆ ಸುಮ್ನೆ ಕೂತೋರು ಯಾರು ಅಂತ ಬೇರೆ ಪಟ್ಟಿ ಬಂದ್ರೆ ಒಳ್ಳೇದಿತ್ತು.’

ಈ ಕೊನೆಯ ಬೇಡಿಕೆಗೆ ಇಡೀ ಸಭೆ ಒಕ್ಕೊರಲಿನಿಂದ ಬೆಂಬಲ ಕೊಟ್ಟಿತು. ಆಮೇಲೆ ಒಬ್ಬೊಬ್ಬರೂ ತಮಗೆ ಏನೂ ಬೇಡ ಅನ್ನುತ್ತಲೇ ಒಂದೊಂದನ್ನು ಸೇರಿಸಿದರು. ಒಬ್ಬರಿಗೆ ತಮ್ಮದೇ ಧ್ವನಿಯ ವಾಚನ ತಾನಾಗಿ ಶುರುವಾಗಬೇಕಿತ್ತು. ಇನ್ನೊಬ್ಬರಿಗೆ ಪುಸ್ತಕ ಮಾರುವ ಬಟನ್ ಬೇಕಿತ್ತು. ಮೂರನೆಯವರು ಪ್ರಶಸ್ತಿಗಳಿಗೆಂದೇ ಒಂದು ಪುಟ ಕೇಳಿದರು, ಮೇಲಿನಿಂದ ಕೆಳಗೆ ಸರಿಯುತ್ತಿರಬೇಕಂತೆ.

ಮಾಹಿತಿ ಕೊಡಲು ಮೇಷ್ಟ್ರ ಅಳಿಯ ಬೆಂಗಳೂರಿಂದ ಬಂದಿದ್ದರು. ಸಾಫ್ಟ್‌ವೇರಿನವರು. ಅವರ ಹತ್ತಿರ ಎಲ್ಲ ಬ್ಲಾಗ್ ತಾಣಗಳನ್ನೂ ಹೋಲಿಸಿದ ಎಕ್ಸೆಲ್ ಶೀಟ್ ಇತ್ತು. ಸರಳವಾದದ್ದನ್ನು ಹುಡುಕುವ ಆ ಶೀಟು ಪರದೆಯಲ್ಲಿ ಹಿಡಿಸಲಿಲ್ಲ. ಬಲಕ್ಕೆ ಸರಿಸಿದಷ್ಟೂ ಬರುತ್ತಿತ್ತು.

ಅವರು ಹೇಳಿದ ಕತೆಗಳು ಮಾತ್ರ ಸ್ವಾರಸ್ಯವಾಗಿದ್ದವು. ಇವಾನ್ ವಿಲಿಯಮ್ಸ್ ಅನ್ನುವ ಅಮೆರಿಕದವರನ್ನೇ ನೋಡಿ. 1999ರಲ್ಲಿ ಜೊತೆಗಾರರೊಂದಿಗೆ ಬ್ಲಾಗರ್ ಅನ್ನುವ ಬ್ಲಾಗ್ ತಾಣ ಮಾಡಿದರು. ಯಾರು ಬೇಕಾದರೂ ಎಷ್ಟು ಬೇಕಾದರೂ ಬರೆಯಬಹುದಿತ್ತು. ಜನ ಬರೆದರು. 2003ರಲ್ಲಿ ಅದನ್ನು ಗೂಗಲ್ ಕೊಂಡುಕೊಂಡಿತು. 2006ರಲ್ಲಿ ಅದೇ ವಿಲಿಯಮ್ಸ್ ಇನ್ನೂ ಕೆಲವರ ಜೊತೆ ಸೇರಿ ಟ್ವಿಟರ್ ತಂದರು. ಅಲ್ಲಿ ಆಗ 140 ಅಕ್ಷರ ದಾಟುವಂತಿರಲಿಲ್ಲ. ಜನ ಉದ್ದ ಬರೆಯುವುದನ್ನು ಮರೆತರು. ಆಮೇಲೆ 2012ರಲ್ಲಿ ಮೀಡಿಯಂ ಶುರು ಮಾಡಿದರು, ಉದ್ದದ ಬರಹಕ್ಕೆ ಶಾಂತವಾದ ಜಾಗ ಬೇಕು ಅಂತ! ಮನುಷ್ಯ ಒಬ್ಬನೇ. ಕಾಯಿಲೆಯೂ ಅವರ ಅಂಗಡಿಯದೇ, ಕಷಾಯವೂ ಅಲ್ಲಿಯದೇ.

ಮೀಡಿಯಂ ಶುರುವಿನಲ್ಲಿ ನಿಜಕ್ಕೂ ಚೆಂದ ಇತ್ತು. ಬರೆಯೋಕೆ ಕೂತರೆ ಹಾಳೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆದರೆ ಖಾಲಿ ಹಾಳೆಯಿಂದ ಸಂಬಳ ಹುಟ್ಟುವುದಿಲ್ಲ ಅಲ್ವಾ. 2017ರಲ್ಲಿ ಓದುಗರಿಂದ ಚಂದಾ ಕೇಳಲು ಶುರು ಮಾಡಿದರು. ಅದೇ ವರ್ಷ ‘ಹೃದಯ’ದ ಬಟನ್ ತೆಗೆದು ಚಪ್ಪಾಳೆ ತಂದರು. ಒಬ್ಬ ಓದುಗ ಒಂದು ಬರಹಕ್ಕೆ 50 ಚಪ್ಪಾಳೆ ತಟ್ಟಬಹುದು. ಇದನ್ನು ಕೇಳಿದ್ದೇ ಸಭೆಯಲ್ಲಿ ಸಂಚಲನ. ಐವತ್ತು ಕವಿಗಳಿಗೆ ಒಬ್ಬ ಕೇಳುಗ ಇರುವ ಕವಿಗೋಷ್ಠಿಗಳನ್ನು ಕಂಡವರಿಗೆ, ಒಬ್ಬನೇ ಐವತ್ತು ಸಲ ಚಪ್ಪಾಳೆ ತಟ್ಟುವ ಏರ್ಪಾಡು ವರದಂತೆ ಕಂಡಿತು.

‘ಹಾಗಾದ್ರೆ ಘೋಸ್ಟ್?’ ಅಂತ ಯಾರೋ ಕೇಳಿದರು. ಅದರದ್ದೂ ಅದೇ ದಾರಿ. ಜಾನ್ ಓ’ನೋಲನ್ ವರ್ಡ್‌ಪ್ರೆಸ್ ತಂಡದಲ್ಲೇ ಕೆಲಸ ಮಾಡಿದವರು. ಅದು ತುಂಬಾ ಭಾರವಾಯಿತು ಅಂತ 2013ರಲ್ಲಿ ‘ಬರೀ ಬ್ಲಾಗು, ಬೇರೇನೂ ಅಲ್ಲ’ ಅಂತ ಸಾರಿ ಜನರ ಹತ್ತಿರ 25 ಸಾವಿರ ಪೌಂಡ್ ಕೇಳಿದರು. ಎರಡು ಲಕ್ಷದ ಹತ್ತಿರ ಬಂತು. ಸರಳತೆಗೆ ಎಂಥ ಗಿರಾಕಿ ನೋಡಿ. ಈಗ ಅದರಲ್ಲಿ ನ್ಯೂಸ್‌ಲೆಟರ್ ಇದೆ, ಸದಸ್ಯತ್ವ ಇದೆ, ಚಂದಾ ವಸೂಲಿ ಇದೆ. ವರ್ಡ್‌ಪ್ರೆಸ್ಸೇನೂ ಸುಮ್ಮನೆ ಕೂತಿರಲಿಲ್ಲ. 2018ರ ಡಿಸೆಂಬರಿನಲ್ಲಿ ಒಂದೊಂದು ಪ್ಯಾರಾವನ್ನೂ ‘ಬ್ಲಾಕ್’ ಅನ್ನುವ ಒಂದೊಂದು ಡಬ್ಬಿಯಲ್ಲಿ ಇಟ್ಟಿತು. ಪ್ಯಾರಾ ಬರೆಯಲು ಹೋದರೆ ಅದರ ತಲೆ ಮೇಲೊಂದು ಪಟ್ಟಿ ಏಳುತ್ತದೆ. ಹಳೆಯದೇ ಚೆನ್ನಾಗಿತ್ತು ಅಂದವರಿಗಾಗಿ ‘ಕ್ಲಾಸಿಕ್ ಎಡಿಟರ್’ ಅನ್ನುವ ಪ್ಲಗಿನ್, ಅಂದರೆ ಮೇಲಿಂದ ಸೇರಿಸಿಕೊಳ್ಳುವ ತಂತ್ರಾಂಶ ಬಂತು. 50 ಲಕ್ಷಕ್ಕೂ ಹೆಚ್ಚು ಸೈಟುಗಳು ಅದನ್ನು ಹಾಕಿಕೊಂಡವು. ಹೊರೆ ಇಳಿಸಲು ಇನ್ನೊಂದು ಹೊರೆ.

ಅಷ್ಟರಲ್ಲಿ ಮಳೆಗೆ ಕರೆಂಟ್ ಹೋಯಿತು. ಮೈಕು, ಪ್ರೊಜೆಕ್ಟರು, ಸೌಂಡ್ ಬಾಕ್ಸು, ಗಮನ ಕೆಡಿಸುವ ವಸ್ತುಗಳೆಲ್ಲ ಒಟ್ಟಿಗೇ ಆರಿದವು. ಸಭೆಯ ವಿಷಯ ಅದೇ ಆಗಿತ್ತು, ನಿಜ. ಆದರೆ ಒಬ್ಬರೂ ಪೆನ್ನು ತೆಗೆಯಲಿಲ್ಲ. ಎಲ್ಲರೂ ಮೊಬೈಲ್ ಟಾರ್ಚ್ ಹಾಕಿದರು. ಹೇಗೂ ಕೈಗೆ ಬಂತಲ್ಲ ಅಂತ ವಾಟ್ಸಾಪ್ ನೋಡಿದರು.

ಜನರೇಟರ್ ಶುರುವಾದ ಮೇಲೆ ಅಳಿಯಂದಿರು ಪ್ರಾತ್ಯಕ್ಷಿಕೆಗೆ ಇಳಿದರು. ಅವರ ಆಯ್ಕೆ ಇವು ಯಾವುದೂ ಅಲ್ಲ. ‘ಮಾವ, ಜೆಕಿಲ್ ಅಂತ ಇದೆ. ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ, ತುಂಬಾ ಸಿಂಪಲ್. ಮೊದಲು ರೂಬಿ ಇನ್‌ಸ್ಟಾಲ್ ಮಾಡ್ಕೊಳ್ಳಿ. ಆಮೇಲೆ ಟರ್ಮಿನಲ್ ತೆಗೆದು ನಾಲ್ಕು ಕಮ್ಯಾಂಡ್ ಹೊಡೀರಿ. ಮಾರ್ಕ್‌ಡೌನ್‌ನಲ್ಲಿ ಬರೀರಿ, ಗಿಟ್‌ಹಬ್‌ಗೆ ಪುಶ್ ಮಾಡಿ. ಅಷ್ಟೇ.’ ಮೇಷ್ಟ್ರು ಜೀವಮಾನವೆಲ್ಲ ಕಾಗುಣಿತ ತಿದ್ದಿದವರು. ತಮ್ಮ ಬರಹದಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದನ್ನು ಕಂಡರು. ಅದನ್ನು ಸರಿ ಮಾಡಲು ಫೈಲ್ ತೆರೆದು, ತಿದ್ದಿ, ಕಮಿಟ್ ಮಾಡಿ, ಯಾಕೆ ತಿದ್ದಿದೆ ಅಂತ ಒಂದು ಸಾಲಿನ ವಿವರಣೆ ಕೊಟ್ಟು, ಪುಶ್ ಮಾಡಿ, ಸೈಟು ಮತ್ತೆ ತಯಾರಾಗುವವರೆಗೆ ಕಾಯಬೇಕಾಯಿತು. ‘ಒಂದು ದೀರ್ಘಕ್ಕೆ ಇಷ್ಟು ದೂರ ಹೋಗ್ಬೇಕೇನಪ್ಪಾ’ ಅಂದರು. ಅಳಿಯ ಅಲ್ವಾ, ಅದಕ್ಕಿಂತ ಜಾಸ್ತಿ ಅನ್ನುವಂತಿಲ್ಲ.

ಥೀಮು, ಅಂದರೆ ಪುಟದ ವಿನ್ಯಾಸ, ಅಂತೂ ಚೊಕ್ಕವಾಗಿತ್ತು, ಇಂಗ್ಲಿಷಿಗೆ. ಸಾಲುಗಳ ನಡುವೆ ಅದನ್ನು ಮಾಡಿದವರು ಬಿಟ್ಟ ಜಾಗ ಒತ್ತಕ್ಷರ ಇಲ್ಲದ ಭಾಷೆಯ ಅಳತೆಯದು. ‘ರಾಷ್ಟ್ರಕವಿ’ ಅಂತ ಹೊಡೆದರೆ ಒತ್ತಿನ ಬಾಲ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಕುಪ್ಪಳಿಯಿಂದ ಇಷ್ಟು ಹತ್ತಿರ ಕೂತು ಆ ಪದವನ್ನು ಹೀಗೆ ತುಳಿಸಿಕೊಳ್ಳುವುದೇ ಅಂತ ಹಿರಿಯರೊಬ್ಬರು ಗರಂ ಆದರು.

ಕವಿಗಳು ‘ಮಳೆ’ ಅಂತ ಒಂದು ಕವಿತೆ ಹಾಕಿಸಿದರು. ಕೊಂಡಿಯನ್ನು ಗ್ರೂಪಿಗೆ ಕಳಿಸಿದಾಗ ಆ ಎರಡಕ್ಷರದ ಶೀರ್ಷಿಕೆ ಪರ್ಸೆಂಟು ಚಿಹ್ನೆಗಳ ಸಮೇತ 27 ಅಕ್ಷರವಾಗಿ ಸುರಿಯಿತು. ಅಳಿಯಂದಿರು ಕಾರಣ ಹೇಳಿದರು. ಕಂಪ್ಯೂಟರಿಗೆ ಅದು ಮ, ಳ ಮತ್ತು ಎತ್ವ, ಒಟ್ಟು ಮೂರು. ಒಂದೊಂದಕ್ಕೂ ಮೂರು ಬೈಟು, ಕೊಂಡಿಯಲ್ಲಿ ಒಂದು ಬೈಟಿಗೆ ಮೂರು ಅಕ್ಷರ. ಮೂರ್ಮೂರ್ಲಿ ಒಂಬತ್ತು, ಒಂಬತ್ತ್ಮೂರ್ಲಿ ಇಪ್ಪತ್ತೇಳು. ಆಗುಂಬೆಯಲ್ಲೂ ಇಷ್ಟುದ್ದದ ಮಳೆ ಬಂದಿರಲಿಕ್ಕಿಲ್ಲ. ಕವಿಗಳ ಹಳೆಯ ಕವಿತೆಗಳೆಲ್ಲ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿದ್ದವು. ಅಂಟಿಸಿದ ಕೂಡಲೇ ಪೌಂಡ್ ಚಿಹ್ನೆ, ತಲೆ ಮೇಲೆ ಗೆರೆ ಎಳೆದ ‘ಎ’, ಅದೂ ಇದೂ ಸೇರಿ ಪುಟ ತುಂಬಿತು. ಹಿಂದಿನ ಸಾಲಿನ ವಿಮರ್ಶಕರೊಬ್ಬರು ಅದನ್ನು ಕಣ್ಣು ಕಿರಿದು ಮಾಡಿ ಓದಿ, ‘ಇದು ನಿಮ್ಮ ಹೊಸ ದಾರಿ, ಬಿಡಬೇಡಿ’ ಅಂದರು.

ಹೊಸನಗರ ಕಡೆಯಿಂದ ಒಬ್ಬ ಅಕ್ಕ ಬಂದಿದ್ದರು. ಅವರದ್ದೂ ಒಂದು ಬ್ಲಾಗಿದೆ. ಬ್ಲಾಗರ್‌ನ ಹಳೇ ಪುಕ್ಕಟೆ ಟೆಂಪ್ಲೇಟು, ನೇರಳೆ ಬಣ್ಣದ್ದು. ಪಕ್ಕದಲ್ಲಿ ಕ್ಯಾಲೆಂಡರು, ಕೆಳಗೆ ಓದುಗರನ್ನು ಎಣಿಸುವ ಮೀಟರು. ಗಮನ ಕೆಡಿಸುವುದಕ್ಕೆ ಏನೇನು ಬೇಕೋ ಎಲ್ಲ ಅಲ್ಲಿದೆ. ಅದರ ನಡುವೆಯೇ ಅವರು ಅಪ್ಪೆಮಿಡಿ, ಕೊಳೆರೋಗ, ಮುಳುಗಿದ ತವರೂರು ಅಂತ ವರ್ಷಗಳಿಂದ ಬರೆಯುತ್ತಾ ಬಂದಿದ್ದಾರೆ. ಅಡಿಗೆ ಮುಗಿಸಿ, ಮೊಬೈಲಿನಲ್ಲಿ. ಅವರ ಟೆಂಪ್ಲೇಟ್ ನೋಡಿ ಸಭೆ ಸಣ್ಣಗೆ ನಕ್ಕಿತು.

‘ಅದೆಲ್ಲ ಸರಿ ತಮ್ಮಾ’ ಅಂದರು ಅಕ್ಕ ಅಳಿಯಂದಿರಿಗೆ. ‘ನಾಳೆ ಈ ತಾಣದೋರು ಬಾಗಿಲು ಹಾಕಿದ್ರೆ ನಾ ಬರೆದಿದ್ದನ್ನ ಹೊರಗೆ ತೆಗೆಯೋಕೆ ಬರ್ತದಾ?’

ಇಡೀ ದಿನದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ, ನನ್ನ ಪ್ರಕಾರ. ಪೋಸ್ಟರಸ್ ಅಂತ ಒಂದಿತ್ತು. ಇಮೇಲ್ ಕಳಿಸಿದರೆ ಬ್ಲಾಗಾಗುತ್ತಿತ್ತು, ಅದಕ್ಕಿಂತ ಸರಳ ಬೇಕಾ? 2012ರಲ್ಲಿ ಟ್ವಿಟರ್ ಕೊಂಡುಕೊಂಡಿತು, 2013ರ ಏಪ್ರಿಲ್ 30ಕ್ಕೆ ಬಾಗಿಲು ಬಿತ್ತು. ಅದನ್ನು ಕಟ್ಟಿದವರೇ ಪೋಸ್ಟ್‌ಹೇವನ್ ಅಂತ ಇನ್ನೊಂದು ತೆರೆದು, ತಿಂಗಳಿಗೆ 5 ಡಾಲರ್ ಕೊಡಿ, ಇದನ್ನು ಮಾತ್ರ ಮಾರುವುದಿಲ್ಲ ಅಂತ ಮಾತು ಕೊಟ್ಟರು. ಗೂಗಲ್ಲಿನ ಸಾಮಾಜಿಕ ತಾಣ ಆರ್ಕುಟ್ ಕೂಡ 2014ರ ಸೆಪ್ಟೆಂಬರ್ 30ಕ್ಕೆ ಹೋಯಿತು. ಬ್ಲಾಗರ್, ವರ್ಡ್‌ಪ್ರೆಸ್, ಘೋಸ್ಟ್ ಈ ಮೂರರಲ್ಲೂ ಬರೆದದ್ದನ್ನೆಲ್ಲ ಒಂದು ಫೈಲಾಗಿ ಇಳಿಸಿಕೊಳ್ಳಬಹುದು. ಆ ಬಟನ್ ಎಲ್ಲಿದೆ ಅಂತ ಅಲ್ಲಿದ್ದ ಯಾರೂ ಹುಡುಕಿದವರಲ್ಲ. ಇಳಿಸಿಕೊಳ್ಳುವಷ್ಟು ಬರೆದವರೂ ಕಡಿಮೆ.

ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಡಲಾಗಿದೆ ಅಂತ ನಿರೂಪಕರು ಘೋಷಿಸಿದರು.

ಊಟದ ನಂತರ ನಿರ್ಣಯಗಳು. ತಾಣವನ್ನು ಆರಿಸಲು ಒಂದು ಸಮಿತಿ, ಅದಕ್ಕೆ ಸಲಹೆ ಕೊಡಲು ಉಪಸಮಿತಿ. ಲಾಂಛನ ಸರಳವಾಗಿರಬೇಕು ಅಂತ ಒಪ್ಪಿ, ಅದರಲ್ಲಿ ಜೋಗ, ತುಂಗೆ, ಅಡಿಕೆ ಮರ, ಸಕ್ರೆಬೈಲಿನ ಆನೆ ಮತ್ತು ಒಂದು ಲೇಖನಿ ಇರತಕ್ಕದ್ದು ಅಂತ ಬರೆದುಕೊಂಡರು. ಆನೆಯ ಸೊಂಡಿಲಿನಲ್ಲಿ ಲೇಖನಿ ಕೊಟ್ಟರೆ ಜಾಗ ಉಳಿಯುತ್ತದೆ ಅಂದವರನ್ನು ಕೂಡಲೇ ಉಪಸಮಿತಿಗೆ ಸೇರಿಸಿಕೊಂಡರು.

ಉದ್ಘಾಟನೆಯೂ ಆಯಿತು. ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ, ಮಲ್ಲಿಗೆ ಹಾರ, ಮೇಲೊಂದು ರೇಷ್ಮೆ ವಸ್ತ್ರ. ಗಣ್ಯರು ವಸ್ತ್ರ ಸರಿಸಿ ಎಂಟರ್ ಒತ್ತಿದರು. ನೆಟ್ ಇರಲಿಲ್ಲ. ಮೊದಲೇ ತೆಗೆದಿಟ್ಟಿದ್ದ ಸ್ಕ್ರೀನ್‌ಶಾಟ್ ತೋರಿಸಿ ಚಪ್ಪಾಳೆ ತಟ್ಟಿಸಲಾಯಿತು. ತಾಣ ಈಗ ನಡೆಯುತ್ತಿದೆ, ಹೋಗಿ ನೋಡಬಹುದು. ಮೂರು ಬರಹಗಳಿವೆ. ಮೊದಲನೆಯದು ಸ್ವಾಗತ ಭಾಷಣ. ಎರಡನೆಯದು ಉದ್ಘಾಟನೆಯ ಫೋಟೋಗಳು. ಮೂರನೆಯದು ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದವರ ಪಟ್ಟಿ, ವಿಷಾದದೊಂದಿಗೆ. ಅದೇ ಎಲ್ಲಕ್ಕಿಂತ ಉದ್ದ, ಮತ್ತು ಇದುವರೆಗೆ ಜಾಸ್ತಿ ಜನ ಓದಿರುವುದೂ ಅದನ್ನೇ.