ಕೆನ್ನೆಯ ಮೇಲಿನ ಕಾಗೆಬಂಗಾರ

ಮದುವೆಯೊಂದಕ್ಕೆಂದು ಕೆನ್ನೆಗೆ ಹೊಳಪು ಕೊಡುವ ಹೈಲೈಟರ್ ಪುಡಿ ತರಿಸಿಕೊಂಡಿದ್ದ ಅಕ್ಕನ ಮಗಳು ಅದರ ಡಬ್ಬಿಯನ್ನು ನನ್ನ ಕೈಗಿತ್ತು, ‘ನೋಡು ಮಾಮ, ಇದು ಕ್ರುಯೆಲ್ಟಿ ಫ್ರೀ, ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದಲ್ಲ’ ಎಂದಳು. ನಾಲ್ಕು ಗ್ರಾಂ ಪುಡಿಗೆ ಒಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಗೊಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಗೆ ಮತ್ತೆ ಪ್ಲಾಸ್ಟಿಕ್ ಹೊದಿಕೆ. ಹೊದಿಕೆಯ ಮೇಲೆ ಭೂಮಿತಾಯಿಯನ್ನು ಉಳಿಸುವ ಪ್ರತಿಜ್ಞೆ, ಪಕ್ಕದಲ್ಲೊಂದು ಹಸಿರೆಲೆ, ಎಲೆಯ ಕೆಳಗೆ ಕಿವಿ ನಿಮಿರಿಸಿ ಕುಳಿತ ಮೊಲ.

ಮೊಲದ ಬಗ್ಗೆ ನನ್ನ ತಕರಾರಿಲ್ಲ. ಮೊಲದ ಕಣ್ಣಿಗೆ ರಾಸಾಯನಿಕ ಬಿಟ್ಟು ಉರಿಯನ್ನು ಅಳೆಯುವ, 1944ರಿಂದ ರೂಢಿಗೆ ಬಂದ ಪರೀಕ್ಷೆಯ ಕ್ರೌರ್ಯ ಸಣ್ಣದಲ್ಲ. ಪ್ರಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿತು. ಹಾಗೆ ಪರೀಕ್ಷಿಸಿದ ಸರಕಿನ ಆಮದನ್ನೂ ಅದೇ ವರ್ಷ ತಡೆಯಿತು. ಅಂದಮೇಲೆ ಕಾನೂನು ಪಾಲಿಸಿದ್ದನ್ನೇ ಔದಾರ್ಯವೆಂದು ಮುದ್ರಿಸಿಕೊಳ್ಳುವುದು, ‘ನಮ್ಮ ಹಾಲಿನಲ್ಲಿ ಯೂರಿಯಾ ಇಲ್ಲ’ ಎಂದು ಡೇರಿಯವನು ಬೋರ್ಡು ತೂಗುಹಾಕಿದಂತೆ.

ಡಬ್ಬಿಯ ಹಿಂಭಾಗಕ್ಕೆ ಭೂತಗನ್ನಡಿ ಹಿಡಿದರೆ ‘ಸಿಐ 77019’ ಎಂಬ ಬಣ್ಣದ ಸಂಕೇತಸಂಖ್ಯೆ ಕಂಡಿತು. ಅದು ಅಭ್ರಕ, ನಮ್ಮ ಮಾತಿನಲ್ಲಿ ಕಾಗೆಬಂಗಾರ. ಚಿಕ್ಕವರಿದ್ದಾಗ ಮನೆ ಕಟ್ಟಲು ಸುರಿದ ಮರಳಿನಲ್ಲಿ ಮಿನುಗುವ ಚೂರುಗಳನ್ನು ಹೆಕ್ಕಿ, ಅಂಗೈಗೆ ಉಜ್ಜಿಕೊಂಡು ಶ್ರೀಮಂತರಾಗುತ್ತಿದ್ದೆವು. ಸಂಜೆ ಕೈ ತೊಳೆದರೆ ಬಡತನ ವಾಪಸು ಬರುತ್ತಿತ್ತು. ಕಾಗೆಗೂ ಬಂಗಾರಕ್ಕೂ ಗಂಟು ಹಾಕಿದ ಆ ಹಿರಿಯರು ಇಂದು ಇದ್ದಿದ್ದರೆ ಯಾವುದಾದರೂ ಜಾಹೀರಾತು ಸಂಸ್ಥೆ ಅವರನ್ನು ಒಳ್ಳೆಯ ಸಂಬಳಕ್ಕೆ ಇಟ್ಟುಕೊಳ್ಳುತ್ತಿತ್ತು.

ಜಾರ್ಖಂಡಿನ ಕೋಡರ್ಮಾ, ಗಿರಿಡೀಹ್ ಕಡೆಯ ಮಕ್ಕಳೂ ಅದನ್ನೇ ಹೆಕ್ಕುತ್ತಾರೆ, ಆದರೆ ಆಟಕ್ಕಲ್ಲ. 1980ರ ಅರಣ್ಯ ಕಾಯ್ದೆಯ ನಂತರ ಅಲ್ಲಿನ ಬಹುಪಾಲು ಗಣಿಗಳು ಕಾಗದದ ಮೇಲೆ ಮುಚ್ಚಿಹೋದವು; ನೆಲದ ಮೇಲೆ ಬಿಲಗಳು ಉಳಿದವು. ‘ಢಿಬ್ರಾ’ ಎನ್ನುವ ಚೂರುಗಳನ್ನು ಕುಟುಂಬಗಳು ಆಯುತ್ತವೆ, ದಲ್ಲಾಳಿ ಕೊಳ್ಳುತ್ತಾನೆ, ಕೈಯಿಂದ ಕೈಗೆ ದಾಟುತ್ತ ಅದು ಕಾರಿನ ಬಣ್ಣವೂ ಕೆನ್ನೆಯ ಹೊಳಪೂ ಆಗುತ್ತದೆ. ಎರಡು ತಿಂಗಳಲ್ಲಿ ಅಲ್ಲಿ ಕನಿಷ್ಠ 7 ಮಕ್ಕಳು ಸತ್ತರೆಂದು, ಗಣಿಯೇ ಅಕ್ರಮವಾದ್ದರಿಂದ ಸಾವುಗಳನ್ನೂ ಮುಚ್ಚಿಡಲಾಯಿತೆಂದು 2016ರಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆಯ ಪ್ರತಿಷ್ಠಾನ ಬರೆಯಿತು. ನನ್ನ ಕೈಯಲ್ಲಿದ್ದ ಡಬ್ಬಿಯ ಪುಡಿ ಎಲ್ಲಿಯದೋ, ಪೆಟ್ಟಿಗೆ ಹೇಳುವುದಿಲ್ಲ. ಮೊಲದ ಮೇಲೆ ಪರೀಕ್ಷಿಸಿಲ್ಲ ಎಂದಷ್ಟೇ ಹೇಳುತ್ತದೆ. ಮಕ್ಕಳಿಗೆ ಚಿಹ್ನೆಯಿಲ್ಲ. ಹಾಳಾಗಲಿ, ಇದರಲ್ಲಿ ನಗುವಂಥದ್ದು ಏನಿದೆ?

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾತ್ರ ಸುಮ್ಮನೆ ಕೂತಿಲ್ಲ. ‘ಕ್ರುಯೆಲ್ಟಿ ಫ್ರೀ’, ‘ಪರಿಸರಸ್ನೇಹಿ’ ಎಂಬಂಥ ಮಾತುಗಳಿಗೆ ಆಧಾರ ಬೇಕೆಂದು ಅದು 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಎದ್ದು ಕಾಣುವ ಉತ್ಪ್ರೇಕ್ಷೆ, ಸಾಮಾನ್ಯ ಬಣ್ಣ ಮತ್ತು ಚಿತ್ರಗಳು ಮೋಸ ಮಾಡದಿದ್ದರೆ ತಪ್ಪಲ್ಲವೆಂದೂ ಅದರಲ್ಲಿದೆ. ಎಲೆ ಬರೆಯುವ ಕಲಾವಿದರ ಹೊಟ್ಟೆಯ ಮೇಲೆ ಹೊಡೆಯದ ಈ ದಯೆಗೆ ವಂದನೆಗಳು.

ಉದ್ಯಮವೂ ಕೈಕಟ್ಟಿ ಕುಳಿತಿಲ್ಲ. ದೊಡ್ಡ ಕಂಪನಿಗಳು 2017ರಲ್ಲಿ ಅಭ್ರಕಕ್ಕೆಂದೇ ವೇದಿಕೆಯೊಂದನ್ನು ಕಟ್ಟಿ, ಬಾಲಕಾರ್ಮಿಕ ಪದ್ಧತಿಯನ್ನು ತೊಲಗಿಸಲು 2022ರ ಗಡುವು ಹಾಕಿಕೊಂಡವು. ಈಗ ಆ ಗಡುವು 2030ಕ್ಕೆ ಸರಿದಿದೆ. 2016ರಲ್ಲಿ ಆರು ವರ್ಷದವನಾಗಿ ಬುಟ್ಟಿ ಹಿಡಿದು ಬಿಲಕ್ಕಿಳಿದ ಹುಡುಗ, ಬದುಕಿದ್ದರೆ, ಅಷ್ಟರಲ್ಲಿ ಇಪ್ಪತ್ತು ತುಂಬಿ ಬಾಲಕನೇ ಆಗಿರುವುದಿಲ್ಲ. ಅವನ ಮಟ್ಟಿಗೆ ಗುರಿ ತಾನಾಗಿಯೇ ಮುಟ್ಟಿರುತ್ತದೆ.