ಆಧುನಿಕ ಸಲಕರಣೆಯಿಂದ ಬಿಲ್ಲುಬೇಟೆ ಸಲೀಸಾಗಿದೆಯೇ?

ಪರ: ಬಿಲ್ಲಿನ ಕಷ್ಟವೇ ಹೊರಟುಹೋಗಿದೆ

ಮರದ ಬಿಲ್ಲಿನ ಹೆದೆಯನ್ನು ಎಳೆದಷ್ಟೂ ಭಾರ ಏರುತ್ತದೆ. ಕೆನ್ನೆಯವರೆಗೆ ಎಳೆದು ನಿಂತಾಗ ಅದು ಅತಿ ಹೆಚ್ಚು. ಜಿಂಕೆ ಇನ್ನೂ ಪೊದೆಯ ಮರೆಯಲ್ಲೇ ಇರುತ್ತದೆ, ಇತ್ತ ತೋಳು ನಡುಗಲು ಶುರುವಾಗಿರುತ್ತದೆ. ಬಿಲ್ಲುಗಾರನ ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಆ ನಾಲ್ಕಾರು ಕ್ಷಣಗಳಲ್ಲಿ.

ಅಮೆರಿಕದ ಹಾಲೆಸ್ ವಿಲ್ಬರ್ ಅಲೆನ್ ಅವರ ಕಾಂಪೌಂಡ್ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ತುದಿಗಳಲ್ಲಿರುವ ರಾಟೆಗಳು ಈ ಲೆಕ್ಕವನ್ನೇ ತಿರುವುಮುರುವು ಮಾಡಿದವು. ಎಳೆಯಲು 70 ಪೌಂಡ್ ಬಲ ಬೇಕಾದ ಬಿಲ್ಲಿನಲ್ಲಿ ಶೇ 80ರಷ್ಟು ಭಾರ ಇಳಿದರೆ, ಪೂರ್ತಿ ಎಳೆದ ಮೇಲೆ ಕೈಗೆ ಉಳಿಯುವುದು 14 ಪೌಂಡ್ ಮಾತ್ರ. ಜಿಂಕೆ ಹೊರಬರುವವರೆಗೆ ನಿರಾಳವಾಗಿ ಕಾಯಬಹುದು. ಎಷ್ಟು ದೂರವಿದೆಯೆಂದು ಲೇಸರ್ ಮಾಪಕ ಹೇಳುತ್ತದೆ. ಹೆದೆಯನ್ನು ಬಿಡುವುದು ಬೆರಳಲ್ಲ, ಹೆದೆ ಹಿಡಿಯುವ ಚಿಕ್ಕ ಸಾಧನದ ಟ್ರಿಗರ್. ವರ್ಷಗಳ ಅಭ್ಯಾಸದಿಂದ ಪಳಗುತ್ತಿದ್ದ ಕಣ್ಣಳತೆಗೆ ಇಲ್ಲಿ ಕೆಲಸವೇ ಇಲ್ಲ.

ಕಾಡಿನ ಜಾಡುಗಳಲ್ಲಿ ಕಟ್ಟಿಡುವ ಕ್ಯಾಮೆರಾ ಇದಕ್ಕಿಂತ ಕೆಟ್ಟದ್ದು. ಪ್ರಾಣಿ ಯಾವ ಹೊತ್ತಿಗೆ ಯಾವ ಜಾಡಿನಲ್ಲಿ ಬರುತ್ತದೆ ಎಂಬುದು ಮನೆಯಲ್ಲಿ ಕುಳಿತವನ ಮೊಬೈಲಿಗೇ ಬರುವುದಾದರೆ, ಅದನ್ನು ಬೇಟೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ಬೇಟೆಗೆ ಇಂಥ ಕ್ಯಾಮೆರಾ ಬಳಸುವುದನ್ನು ಅಮೆರಿಕದ ಅರಿಜೋನಾ ರಾಜ್ಯ 2022ರಿಂದ ನಿಷೇಧಿಸಿತು. ಸರಿಯಾದ ಕೆಲಸ.

ವಿರೋಧ: ಪ್ರಾಣಿಯ ಕಿವಿ, ಮೂಗು ಹಾಗೆಯೇ ಇವೆ

ವೇಗದ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 90 ಮೀಟರ್ ಓಡುತ್ತದೆ, ಶಬ್ದ ಸುಮಾರು 340 ಮೀಟರ್. 40 ಮೀಟರ್ ದೂರದ ಜಿಂಕೆಗೆ ಹೆದೆಯ ಸದ್ದು ಬಾಣಕ್ಕಿಂತ ಕಾಲು ಸೆಕೆಂಡಿಗೂ ಹೆಚ್ಚು ಮೊದಲೇ ಮುಟ್ಟುತ್ತದೆ. ನೆಗೆಯಲು ಅದು ಕಾಲು ಮಡಚಿ ಮೈ ಕುಗ್ಗಿಸುತ್ತದೆ. ಎದೆಗೆ ಗುರಿಯಿಟ್ಟ ಬಾಣ ಬೆನ್ನಿನ ಮೇಲಿಂದ ಹಾದುಹೋಗುತ್ತದೆ. ಯಾವ ಲೇಸರ್ ಕೂಡ ಇದನ್ನು ತಪ್ಪಿಸದು.

ಅಷ್ಟು ಹತ್ತಿರ ಹೋಗುವುದೇ ದೊಡ್ಡ ಕೆಲಸ. ಗಾಳಿ ತಿರುಗಿದರೆ ವಾಸನೆ ಸಿಕ್ಕಿ ಪ್ರಾಣಿ ಓಟ ಕೀಳುತ್ತದೆ. ಬಿಲ್ಲು ಎಳೆಯುವ ಕೈಯ ಚಲನೆ ಅದರ ಕಣ್ಣಿಗೆ ಬೀಳಬಾರದು. ಈ ಪಾಠವನ್ನು ಕಾಡಿನಲ್ಲಿಯೇ ಕಲಿಯಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಗಾಯದ ಪ್ರಶ್ನೆ. ಬಾಣ ಶ್ವಾಸಕೋಶಕ್ಕೆ ತಾಗಿದರೆ ಪ್ರಾಣಿ ಬೇಗ ಸಾಯುತ್ತದೆ; ಹೊಟ್ಟೆಗೆ ತಾಗಿದರೆ ಗಂಟೆಗಟ್ಟಲೆ ನರಳುತ್ತದೆ. ನಡುಗುವ ತೋಳು, ತಪ್ಪಿದ ಕಣ್ಣಳತೆ ಆ ನರಳಾಟವನ್ನು ಹೆಚ್ಚಿಸುತ್ತವೆ. ಬೇಟೆಗಾರನ ಸವಾಲಿಗೆ ಪ್ರಾಣಿ ಏಕೆ ಬೆಲೆ ತೆರಬೇಕು? ಕ್ಯಾಮೆರಾ ಬೇಡವೆಂದರೆ ನಾನೂ ಒಪ್ಪುತ್ತೇನೆ, ಅದು ಹುಡುಕಾಟವನ್ನೇ ಕಸಿಯುತ್ತದೆ. ಆದರೆ ಬಾಣ ಬಿಡುವ ಕ್ಷಣದಲ್ಲಿ ಕೈಯನ್ನು ಸ್ಥಿರಗೊಳಿಸುವ ಯಾವ ಸಾಧನಕ್ಕೂ ನನ್ನ ಆಕ್ಷೇಪವಿಲ್ಲ.